ಒಂದು ಉಸಿರಿಗೆ ಒಂದೇ ಪ್ರಶ್ನೆ

ಮೇಲಿನ ಮನೆಯ ಲಿಫ್ಟಕ್ಕನಿಗೆ ಕಿವಿ ಮಂದ ಎಂದು ಇದನ್ನು ಬರೆಯುತ್ತಿರುವವನು ಎರಡು ವರ್ಷ ನಂಬಿದ್ದ. ನಲ್ಲೀಲಿ ನೀರಿಲ್ಲ ಎಂದರೆ "ನೀರಿಲ್ಲ, ಸರಿ" ಎನ್ನುವಳು. ಬೆಳಿಗ್ಗೆಯಿಂದ ಎಂದರೆ "ಬೆಳಿಗ್ಗೆಯಿಂದ, ಸರಿ" ಎನ್ನುವಳು. ಅದಕ್ಕೇ ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ಗಂಟಲು ಹರಿಯುವಂತೆ ಕೂಗಿ ಕುಶಲ ವಿಚಾರಿಸುತ್ತಿದ್ದ. ಪಾಪ, ಆಕೆ ಸಹಿಸಿಕೊಂಡಳು.

ಕಿವಿ ನೆಟ್ಟಗೇ ಇತ್ತು. ಹನ್ನೊಂದು ವರ್ಷದಿಂದ ಲಿಫ್ಟ್ ಕಂಪನಿಯೊಂದರಲ್ಲಿ ದೂರಿನ ಫೋನ್ ಎತ್ತುವುದು ಆಕೆಯ ಕೆಲಸ. ಕೆಟ್ಟು ನಿಂತ ಲಿಫ್ಟಿನೊಳಗಿಂದ ಜನ ಕಿರುಚುತ್ತಾರೆ. ಅವರ ಬಾಯಿಂದ ಬೇಕಾದ್ದನ್ನು ಹೊರಡಿಸಿ, ಕೇಳಿಸಿಕೊಂಡದ್ದನ್ನು ಅವರಿಗೇ ಮರಳಿ ಹೇಳಿ ಖಚಿತಮಾಡಿಕೊಂಡು, ಮೆಕ್ಯಾನಿಕ್‌ಗೆ ತಿಳಿಸಬೇಕು. ತಿಂಗಳ ಕೊನೆಗೆ ಆ ಕುರ್ಚಿಗೆ ಯಂತ್ರವೊಂದು ಬರಲಿತ್ತು. ಗಂಡ ಬೆನ್ನುನೋವಿನಿಂದ ಹಾಸಿಗೆ ಹಿಡಿದಿದ್ದ. ಮನೆಗೆ ಬರುತ್ತಿದ್ದುದು ಆಕೆಯ ಸಂಬಳವೊಂದೇ. ವ್ಯಾಪಾರಸ್ಥರಿಗೆ ಸಲಹೆ ಕೊಡುವ ಸಂಸ್ಥೆಯೊಂದು ಸಂದರ್ಶನಕ್ಕೆ ಕರೆದಿತ್ತು. ಅದು ತಪ್ಪಿದರೆ ಬೇರೆ ದಾರಿಯಿರಲಿಲ್ಲ.

ತರಬೇತಿಗೆ ಮೈದುನ ತಾನಾಗಿ ಮುಂದೆ ಬಂದ. ಅಂಥದೇ ಸಂದರ್ಶನದಲ್ಲಿ ಮೂರು ಸಲ ಡುಮ್ಕಿ ಹೊಡೆದ ಅನುಭವಸ್ಥ.

"ಅತ್ತಿಗೆ, ಅವರು ಯಾವುದೋ ವ್ಯಾಪಾರದ ಕಷ್ಟ ಹೇಳ್ತಾರೆ. ಮಾಹಿತಿ ಎಲ್ಲಾ ಅವರ ಹತ್ರಾನೇ ಇರುತ್ತೆ, ನಾವೇ ಕೇಳಿ ಬಿಡಿಸ್ಕೋಬೇಕು. ಈ ಮೂವತ್ತು ಪ್ರಶ್ನೆ ಬಾಯಿಪಾಠ ಮಾಡಿ. ಉಸಿರು ಬಿಡೋಕೂ ಬಿಡಬೇಡಿ, ಸುರಿಮಳೆ ಸುರಿಸಿ!"

"ನೀನು ಮೂರು ಸಲಾನೂ ಹೀಗೇ ಸುರಿಸಿದ್ಯಾ?"

"ಅದು ಬೇರೆ ವಿಷಯ."

ಸಂದರ್ಶನದ ಕೋಣೆಯಲ್ಲಿ ಗಾಜಿನ ಮೇಜು. ಹಿರಿಯ ಸಲಹೆಗಾರ ಕೈಗಡಿಯಾರ ಬಿಚ್ಚಿ, ಅದರ ಮುಖ ಆಕೆಯ ಕಡೆ ಮಾಡಿ ಇಟ್ಟ.

"ಬಟ್ಟೆ ಒಗೆದು ಇಸ್ತ್ರಿ ಮಾಡೋ ಅಂಗಡಿಗಳು, ಒಟ್ಟು ಆರು. ಗಿರಾಕಿಗಳು ಕಡಿಮೆಯಾಗಿದ್ದಾರೆ. ಯಾಕೆ? ಹದಿನೈದು ನಿಮಿಷ."

"ಗಿರಾಕಿಗಳು ಯಾರು, ದರ ಏರಿಸಿದ್ರಾ, ಕೆಲಸದವರು ಎಷ್ಟು ಜನ, ಪಕ್ಕದಲ್ಲಿ ಬೇರೆ ಅಂಗಡಿ ಬಂದಿದ್ಯಾ?"

"ಬಂದಿಲ್ಲ."

ಅಷ್ಟೇ. ಇನ್ನೂ ನಾಲ್ಕು ಸುರಿದಳು. "ಗೊತ್ತಿಲ್ಲ." ಮತ್ತೆ ನಾಲ್ಕು. "ಇಲ್ಲ." ಏಳು ನಿಮಿಷ ಕರಗಿತ್ತು. ಆತ ಪೆನ್ನಿಗೆ ಮುಚ್ಚಳ ಹಾಕಿದ.

ಆಗ ಆಕೆಗೆ ಹೊಳೆಯಿತು. ಲಿಫ್ಟಿನಲ್ಲಿ ಸಿಕ್ಕಿಬಿದ್ದವರೂ ಹೀಗೇ. ಒಂದೇ ಉಸಿರಿಗೆ ನಾಲ್ಕು ಕೇಳಿದರೆ ಉತ್ತರ ಕೊನೆಯದಕ್ಕೆ ಮಾತ್ರ. ಕೆಲಸಕ್ಕೆ ಸೇರಿದ ಮೊದಲ ವಾರ "ಎಷ್ಟು ಜನ, ಯಾವ ಮಹಡಿ, ಗಾಳಿ ಆಡ್ತಿದ್ಯಾ, ದೀಪ ಇದ್ಯಾ" ಎಂದು ಕೇಳಿ, "ಇದೆ" ಎಂಬ ಒಂದೇ ಮಾತನ್ನು ನಂಬಿ, ಮೆಕ್ಯಾನಿಕ್‌ನನ್ನು ಒಂಬತ್ತೂ ಮಹಡಿ ಹತ್ತಿಸಿ ಬೈಸಿಕೊಂಡಿದ್ದಳು. ಮೈದುನನ ಉಳಿದ ಪ್ರಶ್ನೆಗಳಿಗೆ ಅಲ್ಲೇ ಎಳ್ಳುನೀರು ಬಿಟ್ಟಳು.

"ಕಡಿಮೆಯಾಗಿದ್ದು ಆರೂ ಅಂಗಡೀಲಾ?"

ಕೇಳಿ ಬಾಯಿ ಮುಚ್ಚಿದಳು. ಮುಳ್ಳು ಓಡುತ್ತಿತ್ತು. ಇನ್ನೊಂದು ಪ್ರಶ್ನೆ ನಾಲಿಗೆಯ ತುದಿಗೆ ಬಂದು ಕುಣಿಯಿತು, ನುಂಗಿಕೊಂಡಳು.

"ಇಲ್ಲ. ಎರಡರಲ್ಲಿ," ಎಂದ ಆತ.

"ಎರಡರಲ್ಲಿ, ಸರಿ. ಯಾವಾಗಿಂದ?"

"ಏಪ್ರಿಲ್‌ನಿಂದ."

"ಏಪ್ರಿಲ್‌ನಿಂದ, ಸರಿ. ಆಗ ಆ ಎರಡರಲ್ಲಿ ಮಾತ್ರ ಏನು ಬದಲಾಯ್ತು?"

ಪೆನ್ನಿನ ಮುಚ್ಚಳ ತೆರೆಯಿತು. "ಬಾಗಿಲು ತೆಗೆಯೋ ಹೊತ್ತು. ಏಳರ ಬದಲು ಹತ್ತಕ್ಕೆ."

"ಹತ್ತಕ್ಕೆ, ಸರಿ. ಅಲ್ಲಿಗೆ ಬಟ್ಟೆ ಕೊಡ್ತಿದ್ದವರು ಯಾರು?"

"ಹೆಚ್ಚಿನವರು ಆಫೀಸಿಗೆ ಹೋಗೋರು."

"ಹಾಗಾದ್ರೆ ಎಂಟು ಗಂಟೆಗೆ ಬಂದು, ಬೀಗ ನೋಡಿ, ಬಟ್ಟೆ ಗಂಟು ವಾಪಸ್ ಹೊತ್ಕೊಂಡು ಹೋಗ್ತಿದ್ದಾರೆ ಸಾರ್. ಎರಡು ವಾರ ಏಳಕ್ಕೆ ತೆಗೆಸಿ ನೋಡಿ."

ಇನ್ನೂ ಮೂರು ನಿಮಿಷ ಉಳಿದಿತ್ತು. ಹಿರಿಯ ಸಲಹೆಗಾರ ಗಡಿಯಾರವನ್ನು ಕೈಗೆ ಕಟ್ಟಿಕೊಂಡ.

"ಒಂದನೇ ತಾರೀಖಿನಿಂದ ಬನ್ನಿ," ಎಂದ. ಆಮೇಲೆ ತನ್ನ ಗಾಂಭೀರ್ಯ ನೆನಪಾಗಿ, ಕಾಲರ್ ಸರಿಮಾಡಿಕೊಂಡು ಫಾರಂ ಎಳೆದುಕೊಂಡ. "ಒಂದು ಕಾಲಂ ಬಾಕಿ ಇದೆ. ನೀವು ಪ್ರಾಣಿ ಆಗಿದ್ದಿದ್ರೆ ಯಾವ ಪ್ರಾಣಿ ಆಗಿರ್ತಿದ್ರಿ?"

"ಪ್ರಾಣಿ ಆಗಿದ್ದಿದ್ರೆ ಕೆಲಸ ಕೇಳ್ಕೊಂಡು ನಿಮ್ಮ ಹತ್ರ ಯಾಕೆ ಬರ್ತಿದ್ದೆ ಸಾರ್? ಅದನ್ನ ಖಾಲಿ ಬಿಡಿ."