ನಲವತ್ತೆರಡಕ್ಕೆ ಕಂಬ ಹತ್ತಿದ್ದು

ನನಗೆ ನಲವತ್ತೆರಡು ತುಂಬಿದ ವರ್ಷ ಬಲಗೈ ಹೆಗಲಿಗಿಂತ ಮೇಲೆ ಏಳುವುದನ್ನು ನಿಲ್ಲಿಸಿತು. ನಾನು ಖಾನಾಪುರದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಮನೆ ಬೆಳಗಾವಿಯ ಮಹಾಂತೇಶ ನಗರದಲ್ಲಿ. ಹೋಗುವಾಗ ರೈಲು, ಬರುವಾಗ ರೈಲು ತಪ್ಪಿದರೆ ಬಸ್ಸು. ಕೈ ಏಳದೆ ಹೋದ ಮೇಲೆ ಬೋರ್ಡಿನ ಕೆಳಗಿನ ಅರ್ಧದಲ್ಲಷ್ಟೇ ಬರೆಯತೊಡಗಿದೆ. ಹಿಂದಿನ ಬೆಂಚಿನವರು ಎದ್ದು ನಿಂತು ಬರೆದುಕೊಳ್ಳುತ್ತಿದ್ದರು. ಮನೆಯಲ್ಲಿ ನನ್ನ ತಲೆ ಬಾಚಲು ಅತ್ತೆ ಬೇಕಾಯಿತು. ಎಪ್ಪತ್ತು ದಾಟಿದ ಅವರು ಲಿಂಗಪೂಜೆ ಮುಗಿಸಿ ಬಂದು, ನನ್ನನ್ನು ಮುಂದೆ ಕೂರಿಸಿಕೊಂಡು ಹೆಣೆಯುತ್ತ, "ಸಾಲಿ ಹುಡುಗಿ ಆಗೀ ನೋಡ. ರಿಬ್ಬನ್ ಒಂದ ಕಮ್ಮಿ" ಎನ್ನುತ್ತಿದ್ದರು.

ಟಿಳಕವಾಡಿಯ ಫಿಜಿಯೋಥೆರಪಿ ಡಾಕ್ಟರ ಹತ್ತಿರ ನಾಲ್ಕು ತಿಂಗಳು ಹೋದೆ. ಗೋಡೆಯ ಮೇಲೆ ಬೆರಳು ನಡೆಸುವುದು, ರಾಟೆಯ ಹಗ್ಗ ಎಳೆಯುವುದು ಇತ್ಯಾದಿ. ಅಲ್ಲಿ ಹಗ್ಗ ಎಳೆಯುತ್ತಿರುವಾಗಲೆಲ್ಲ ಮೇಲಿನ ಮಹಡಿಯಿಂದ ಧಡ್ ಎಂದು ಏನೋ ಬಿದ್ದ ಸದ್ದು, ಅದರ ಹಿಂದೆಯೇ ಹೆಂಗಸರ ನಗೆ ಕೇಳುತ್ತಿತ್ತು. ಕೈ ಹೆಚ್ಚುಕಡಿಮೆ ಸರಿಹೋದ ದಿನ ಡಾಕ್ಟರು, "ಇನ್ನ ಮನ್ಯಾಗ ಕೈ ಕಟ್ಟಿ ಕೂತ್ರ ಮತ್ತ ಹಿಡೀತದ್ರಿ. ಏನರ ಒಂದ ವ್ಯಾಯಾಮ ಹಚ್ಚಿಕೊಳ್ಳರಿ" ಎಂದರು. ಮೇಲೆ ಏನು ನಡೆಯುತ್ತದೆ ಎಂದು ಕೇಳಿದೆ. "ಕಂಬದ ಡಾನ್ಸ್" ಎಂದರು. ನಾನು ಕುತೂಹಲಕ್ಕೆ ಮೆಟ್ಟಿಲು ಹತ್ತಿದೆ. ಸೇರಬೇಕೆಂದು ಖಂಡಿತ ಅಲ್ಲ.

ಮೇಲೊಂದು ದೊಡ್ಡ ಹಾಲ್. ಮಧ್ಯೆ ನೆಲದಿಂದ ಛಾವಣಿಯವರೆಗೆ ಮೂರು ಸ್ಟೀಲ್ ಕಂಬಗಳು, ಒಂದೊಂದರ ಬುಡಕ್ಕೂ ದಪ್ಪ ಗಾದಿ. ಕಲಿಸುವವಳು ಮೂವತ್ತರೊಳಗಿನ ಹುಡುಗಿ. ಮರಾಠಿ ಮನೆಯವಳು, ಪುಣೆಯಲ್ಲಿ ಕಲಿತು ಮದುವೆಯಾಗಿ ಬೆಳಗಾವಿಗೆ ಬಂದವಳು. ನಾನು ಒಳಗೆ ಕಾಲಿಟ್ಟಾಗ ಅವಳು ಎಂಟಡಿ ಎತ್ತರದಲ್ಲಿ ತಲೆಕೆಳಗಾಗಿ ತೂಗುತ್ತಿದ್ದಳು. ಹಾಗೆಯೇ ತೂಗುತ್ತ, "ಬರ್ರಿ, ಕುಂದರ್ರಿ" ಎಂದಳು. ಬೆಕ್ಕು ಗೋಡೆ ಇಳಿಯುವ ಹಾಗೆ ಸದ್ದಿಲ್ಲದೆ ಇಳಿದು ಬಂದು ನೀರು ಕೊಟ್ಟಳು. ನನ್ನ ಹೆಗಲಿನ ಕಥೆ ಕೇಳಿ, "ಇವತ್ತ ಬರೇ ಹಿಡಕೊಂಡ ನೋಡ್ರಿ" ಎಂದಳು. ಹಿಡಿದೆ. ತಣ್ಣಗಿತ್ತು. ಹಿಡಿದುಕೊಂಡು ಅದರ ಸುತ್ತ ಒಂದು ಸುತ್ತು ನಡೆಯಿರಿ ಎಂದಳು. ನಡೆದೆ. ಎರಡನೇ ಸುತ್ತಿಗೆ ಎರಡೂ ಕಾಲು ನೆಲದಿಂದ ಎತ್ತಿರಿ ಎಂದಳು. ಎತ್ತಿದೆ. ಅರ್ಧ ಸುತ್ತು ಗಾಳಿಯಲ್ಲಿ ಹಾರಿ ಗಾದಿಯ ಮೇಲೆ ಕುಕ್ಕರಿಸಿದೆ. ಕೆಳಗೆ ಹಗ್ಗ ಎಳೆಯುತ್ತಿದ್ದವರಿಗೆ ಆ ಸದ್ದು ಕೇಳಿಸಿರಬೇಕು. ನನಗೆ ನಗು ತಡೆಯಲಾಗಲಿಲ್ಲ. ಹಾಗೆ ನಕ್ಕು ಎಷ್ಟು ದಿನವಾಗಿತ್ತೋ.

ಮುಂದಿನ ಶನಿವಾರ ಸಲ್ವಾರ್ ತೊಟ್ಟು ಹೋದೆ. ಅವಳು ನೋಡಿ ತಲೆಯಾಡಿಸಿದಳು. "ಅಕ್ಕಾ, ಬಟ್ಟಿ ಜಾರ್ತದ. ಕಂಬಾ ಹಿಡಿಯೂದು ಚರ್ಮ. ಸಣ್ಣ ಚಡ್ಡಿ ಹಾಕ್ಕೊಂಬರ್ರಿ." ನಾನು ಇಪ್ಪತ್ತು ವರ್ಷದಿಂದ ಸೀರೆಯ ನೆರಿಗೆ ಪಾದ ಮುಚ್ಚುವಂತೆ ಉಟ್ಟುಕೊಂಡು ಪಾಠ ಮಾಡಿದವಳು. ಆ ಚಡ್ಡಿಯನ್ನು ಬಜಾರಿನಲ್ಲಿ ಮಗನಿಗೆ ಎಂದು ಸುಳ್ಳು ಹೇಳಿ ಕೊಂಡುಕೊಂಡೆ. ನನಗೆ ಮಗನಿಲ್ಲ, ಒಬ್ಬಳೇ ಮಗಳು ಧಾರವಾಡದ ಹಾಸ್ಟೆಲಿನಲ್ಲಿದ್ದಾಳೆ. ಮನೆಯಲ್ಲಿಯೂ "ವ್ಯಾಯಾಮದ ಕ್ಲಾಸು" ಎಂದಷ್ಟೇ ಹೇಳಿದ್ದೆ. ಅದೇನೂ ಸುಳ್ಳಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಕಂಬ ಹತ್ತುವುದೆಂದರೆ ಕೈಯ ಕೆಲಸ ಎಂದುಕೊಂಡಿದ್ದೆ. ಅಲ್ಲ. ಒಂದು ಪಾದದ ಮೇಲ್ಭಾಗ, ಇನ್ನೊಂದು ಕಾಲಿನ ಮೊಣಕಾಲು, ತೊಡೆಯ ಒಳಭಾಗ ಇವೇ ಹಿಡಿಯಬೇಕು. ಕೈ ಬರೀ ಮುಂದಿನ ಹಿಡಿತ ಹುಡುಕಲು. ಬೆವರಿದ ಕೈಗೆ ಚಾಕಿನಂಥ ಬಿಳಿ ಪುಡಿ ಹಚ್ಚಿಕೊಳ್ಳುತ್ತೇವೆ. ಆ ಒಂದು ವಿಷಯದಲ್ಲಿ ಮಾತ್ರ ನನಗೆ ಎಲ್ಲರಿಗಿಂತ ಹೆಚ್ಚು ಅನುಭವವಿತ್ತು. ಮೊದಲ ತಿಂಗಳು ಎರಡು ಅಡಿ ಹತ್ತುವುದು, ಜಾರುವುದು. ಎರಡನೇ ತಿಂಗಳು ಛಾವಣಿ ಮುಟ್ಟಿದೆ. ಅದೇ ವಾರ ಶಾಲೆಯಲ್ಲಿ ಸಮೀಕರಣವೊಂದನ್ನು ಬೋರ್ಡಿನ ತುದಿಯಿಂದ ಬರೆಯುತ್ತಿದ್ದೇನೆಂದು ನನಗೇ ಹೊಳೆದು, ಚಾಕ್ ಹಿಡಿದ ಕೈ ಮೇಲೆಯೇ ಇಟ್ಟುಕೊಂಡು ನಿಂತುಬಿಟ್ಟೆ. ಮಕ್ಕಳು ಲೆಕ್ಕ ತಪ್ಪಿದೆ ಅಂದುಕೊಂಡರು.

ಆದರೆ ಮೈತುಂಬ ಕಂಬ ಒತ್ತಿದ ಕಲೆ. ಮೊಣಕಾಲಿನ ಹಿಂದೆ, ತೊಡೆಯ ಮೇಲೆ, ಮೊಣಕೈ ಒಳಗೆ. ಮೊದಲು ನೀಲಿ, ಆಮೇಲೆ ಹಸಿರು, ಆಮೇಲೆ ಅರಿಸಿನ. ಒಂದು ಭಾನುವಾರ ಸ್ನಾನ ಮಾಡಿ ಸೀರೆ ಸುತ್ತಿಕೊಳ್ಳುವಾಗ ಅತ್ತೆ ಒಳಗೆ ಬಂದರು. ನೋಡಿದರು. ಆ ದಿನ ಪೂರ್ತಿ ನನ್ನ ಜೊತೆ ಬಹಳ ಮೆತ್ತಗೆ ಮಾತಾಡಿದರು. ಊಟಕ್ಕೆ ನನ್ನ ತಾಟಿಗೆ ತುಪ್ಪ ಹೆಚ್ಚು ಬಿತ್ತು.

ಸಂಜೆ ನನ್ನ ಗಂಡ ಚಹಾಕ್ಕೆ ಕೂತರು. ಅವರು ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಸೂಪರ್‌ವೈಸರ್. ಮಾತು ಕಡಿಮೆ, ಕೈಯೆತ್ತಿದವರಂತೂ ಅಲ್ಲ. ಅತ್ತೆ ಅವರೆದುರು ಬಂದು ನಿಂತರು.

"ತಮ್ಮಾ, ನಿಮ್ಮಪ್ಪ ನಲವತ್ತ ವರ್ಷ ಸಂಸಾರ ಮಾಡಿದ್ರು. ಒಂದ ದಿನ ನನ್ನ ಮ್ಯಾಲ ಕೈ ಮಾಡಿದ್ದಿಲ್ಲ. ನೀ ಇದನ್ನ ಯಾರ ಕಡೆ ಕಲತಿ?"

"ಏನ ಕಲತ್ನಿ?"

"ಸುಮ್ನಿರು. ಅಕಿ ತೊಡಿ ನೋಡೀನಿ ನಾ. ಬದನಿಕಾಯಿ ಆಗ್ಯಾವ. ಬಸವಣ್ಣನ ಹೆಸರ ಹೇಳೂ ಮನ್ಯಾಗ ಹೆಂಡ್ತಿನ್ನ ಬಡಿಯಾಕ ನಾಚಿಕಿ ಆಗೂದಿಲ್ಲ?"

ಗಂಡ ಬಸಿಯಲ್ಲಿದ್ದ ಚಹಾವನ್ನು ಕೆಳಗಿಟ್ಟು ನನ್ನ ಕಡೆ ನೋಡಿದರು. ಅಷ್ಟು ಗಾಬರಿಯನ್ನು ನಾನು ಅವರ ಮುಖದ ಮೇಲೆ ಕಂಡದ್ದೇ ಇರಲಿಲ್ಲ. ಇನ್ನು ಮುಚ್ಚಿಡುವಂತಿರಲಿಲ್ಲ.

"ಅವ್ರೇನೂ ಮಾಡಿಲ್ಲ ಅತ್ತಿ. ನಾ ಕಂಬಾ ಹತ್ತತೀನಿ" ಎಂದೆ.

"ಯಾವ ಕಂಬಾ? ಲೈಟಿನ ಕಂಬಾ?"

ಡಾನ್ಸಿನ ಕಂಬ ಎಂದೆ. ಫೋನಿನಲ್ಲಿದ್ದ ವಿಡಿಯೋ ತೋರಿಸಿದೆ. ಅದರಲ್ಲಿ ನಾನು ಚಡ್ಡಿಯಲ್ಲಿದ್ದೆ. ಅತ್ತೆ ಕನ್ನಡಕ ತರಿಸಿಕೊಂಡು ಎರಡು ಸಲ ನೋಡಿದರು. ಗಂಡ ಒಂದು ಸಲ ನೋಡಿದರು. ಎದ್ದು ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಮರಳಿ ಬಂದು ಉಂಡು ಮಲಗಿದರು. ಸಿನಿಮಾಗಳಲ್ಲಿ ಅಂಥ ಕಂಬ ಎಂಥ ಜಾಗದಲ್ಲಿರುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಬಿಡಬೇಕಾಗುತ್ತದೇನೋ ಎಂದುಕೊಂಡೆ. ಬಿಡುವ ಮನಸ್ಸು ಮಾತ್ರ ಬರಲಿಲ್ಲ, ಅದು ನನಗೇ ಆಶ್ಚರ್ಯ. ಆ ತಣ್ಣನೆಯ ಕೊಳವೆ ಇಷ್ಟು ಬೇಗ ನನ್ನದಾಗಿಬಿಟ್ಟಿತ್ತೇ?

ಮರುದಿನ ನಾನು ರೈಲಿಗೆ ಹೊರಟಾಗ ಗಂಡ ಬಾಗಿಲವರೆಗೆ ಬಂದರು. "ಆ ಪೈಪ್ ಎಷ್ಟ ದಪ್ಪ ಐತಿ?"

"ಮುಷ್ಟಿಗೆ ಹಿಡಿಯೂವಷ್ಟ."

"ಮ್ಯಾಲ ಸ್ಲ್ಯಾಬಿಗೆ ಬೋಲ್ಟ್ ಹಾಕ್ಯಾರೋ, ಬರೇ ಒತ್ತಿ ನಿಲ್ಲಿಸ್ಯಾರೋ?"

ನನಗೆ ಗೊತ್ತಿರಲಿಲ್ಲ. "ಗೊತ್ತಿಲ್ದ ಅದಕ್ಕ ಜೋತ ಬೀಳ್ತೀಯಲ್ಲ" ಎಂದು ಬೈದರು. ರೈಲು ದೇಸೂರ ಸ್ಟೇಷನ್ ದಾಟುವವರೆಗೂ ನನ್ನ ಮುಖದ ಮೇಲಿನ ನಗು ಹೋಗಲಿಲ್ಲ. ನಮ್ಮವರು ಬೋಲ್ಟಿನ ಬಗ್ಗೆ ಕೇಳಿದರೆಂದರೆ ಅದು ಒಪ್ಪಿಗೆ.

ಆ ಶನಿವಾರ ತಾಯಿ ಮಗ ಇಬ್ಬರೂ ಕ್ಲಾಸಿಗೆ ಬಂದರು. ಗಂಡ ಏಣಿ ತರಿಸಿ ಮೂರೂ ಕಂಬಗಳ ತುದಿಯನ್ನು ತಟ್ಟಿ, ಅಲುಗಾಡಿಸಿ, ಒಂದರ ಬೋಲ್ಟು ಬಿಗಿದು, ಕೈ ಒರೆಸಿಕೊಂಡು ಹೊರಗಿನ ಬೆಂಚಿನ ಮೇಲೆ ಕೂತರು. ಅತ್ತೆ ಇಳಕಲ್ ಸೀರೆಯ ಸೆರಗು ತಲೆಯ ಮೇಲೆ ಹೊದ್ದು ಪ್ಲಾಸ್ಟಿಕ್ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಅವರೆದುರು ಚಡ್ಡಿಯಲ್ಲಿ ಬಂದು ನಿಂತೆ. ಅವರು ನನ್ನ ಕಾಲನ್ನು ಮೇಲಿಂದ ಕೆಳಗೆ ನೋಡಿ, "ಕಾಲ ಎಷ್ಟ ಒಡದಾವ ನೋಡ. ಎಣ್ಣಿ ಹಚ್ಚಂಗಿಲ್ಲೇನ?" ಎಂದರು.

"ಎಣ್ಣಿ ಬ್ಯಾಡ್ರಿ ಅಜ್ಜಿ!" ಎಂದು ಕಲಿಸುವವಳು ಕೂಗಿಯೇಬಿಟ್ಟಳು. "ಜಾರಿ ಬೀಳತಾರ."

ನಾನು ಹತ್ತಿದೆ. ಮೇಲೆ ಹೋಗಿ, ತೊಡೆಯಿಂದ ಕಂಬ ಬಿಗಿದು, ಎರಡೂ ಕೈ ಬಿಟ್ಟು ಕೂತೆ. ಕೆಳಗೆ ಅತ್ತೆಯ ಬಾಯಿ ತೆರೆದಿತ್ತು. ಇಳಿದು ಬಂದಾಗ ಅವರು ಎದ್ದು ಕಂಬ ಮುಟ್ಟಿ ನೋಡಿದರು. ಪಾದ ಎತ್ತಿ ಅದಕ್ಕೆ ಒತ್ತಿಯೂ ನೋಡಿದರು. "ಸಣ್ಣಾಕಿದ್ದಾಗ ನಮ್ಮೂರ ಗುಂಜಿಯಾಗ ನೇರಳಿ ಗಿಡ ಹತ್ತತಿದ್ನಿ. ತುದಿತನಕ. ಮದವಿ ನಿಕ್ಕಿ ಆತು, ಹತ್ತೂದ ಬಿಡಿಸಿದ್ರು" ಎಂದರು. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದೂ ಈ ಮಾತನ್ನು ನಾನು ಕೇಳಿರಲಿಲ್ಲ.

ಇನ್ನುಳಿದದ್ದು ತಲೆಕೆಳಗಾಗುವುದು. ಕೈಯಿಂದ ಕಂಬ ಹಿಡಿದು, ಕಾಲು ಮೇಲಕ್ಕೆತ್ತಿ, ಮೊಣಕಾಲಿನ ಹಿಂಭಾಗವನ್ನು ಕಂಬಕ್ಕೆ ಸಿಕ್ಕಿಸಿ ತೂಗಬೇಕು. ಆರು ತಿಂಗಳು ಪ್ರಯತ್ನಪಟ್ಟೆ. ತಲೆ ಹಿಂದಕ್ಕೆ ಬಾಗಿದೊಡನೆ ಹೆದರಿಕೆಗೆ ಕಾಲು ನೆಲಕ್ಕೆ ಬರುತ್ತಿತ್ತು. ಸಹಾಯ ಬಂದದ್ದು ನನ್ನದೇ ಶಾಲೆಯಿಂದ. ನಮ್ಮ ಪಿ.ಟಿ. ಮಾಸ್ತರು ನಿವೃತ್ತಿಯ ಹತ್ತಿರ ಬಂದವರು, ಖಾನಾಪುರದವರೇ, ಶಾಲೆಯ ಅಂಗಳದಲ್ಲಿ ಒಂದು ಮಲ್ಲಕಂಬ ನೆಟ್ಟು ಹುಡುಗರಿಗೆ ಕಲಿಸುತ್ತಾರೆ. ಒಂದು ದಿನ ಸ್ಟಾಫ್ ರೂಮಿನಲ್ಲಿ ನಾನು ಚಪ್ಪಲಿ ಕಳಚಿ ಕೂತಿದ್ದಾಗ ನನ್ನ ಪಾದದ ಮೇಲಿನ ಉಜ್ಜಿದ ಗಾಯ ನೋಡಿದರು.

"ಅಕ್ಕಾರ, ಖರೇ ಹೇಳ್ರಿ. ಎಲ್ಲಿ ಹತ್ತಾಕತ್ತೀರಿ ಕಂಬಾ?"

ಹೇಳಿದೆ. ಅವರು ನಗಲಿಲ್ಲ. ಯಾವುದು ಬರುತ್ತಿಲ್ಲವೆಂದು ಕೇಳಿದರು. ಅದನ್ನೂ ಹೇಳಿದೆ. ಅವರು, "ನೀವು ತಲಿ ಕೆಳಗ ಹಾಕಾಕ ನೋಡಾಕತ್ತೀರಿ. ತಲೀದ ಸುದ್ದಿ ಬಿಡ್ರಿ. ಸೊಂಟ ಮ್ಯಾಲ ಕಳಸ್ರಿ. ಸೊಂಟ ಹೋತಂದ್ರ ತಲಿ ತಾನ ತಳಗ ಬರತದ" ಎಂದರು. ಸಂಜೆ ಹುಡುಗರು ಅಭ್ಯಾಸ ಮಾಡುವಾಗ ಕರೆದು ತೋರಿಸಿದರು. ಅಲ್ಲಿ ಕಂಬಕ್ಕೆ ಔಡಲೆಣ್ಣೆ ಹಚ್ಚುತ್ತಾರೆ, ನಮ್ಮಲ್ಲಿ ಎಣ್ಣೆಯೇ ವೈರಿ. ಆದರೆ ಸೊಂಟದ ಮಾತು ಎರಡೂ ಕಡೆ ಒಂದೇ. ಹುಡುಗಿಯರು ಬದಿಯಲ್ಲಿ ಹಗ್ಗಕ್ಕೆ ಜೋತು ಅಭ್ಯಾಸ ಮಾಡುತ್ತಿದ್ದರು. ಇವರಿಗೆ ಕಂಬ ಯಾಕಿಲ್ಲ ಎಂದು ಕೇಳಿದೆ.

"ಹುಡುಗ್ಯಾರಿಗೆ ಹಗ್ಗಾ. ಮೊದಲಿಂದ ಹಂಗ ಬಂದದ."

"ಯಾಕ್ರಿ?"

ಮುಂದಿನ ಸೋಮವಾರ ಎಂಟನೇ ಇಯತ್ತೆಯ ಇಬ್ಬರು ಹುಡುಗಿಯರು ಎಣ್ಣೆ ಬಳಿದ ಕಂಬವನ್ನು ಅರ್ಧದಷ್ಟು ಹತ್ತಿ, ಕಿರುಚುತ್ತ ಜಾರಿ ಇಳಿಯುತ್ತಿದ್ದುದನ್ನು ನಾನು ತರಗತಿಯ ಕಿಟಕಿಯಿಂದ ಕಂಡೆ. ಅದೇ ವಾರದ ಕ್ಲಾಸಿನಲ್ಲಿ ನಾನು ಸೊಂಟವನ್ನು ಮೇಲೆ ಕಳಿಸಿದೆ. ಇಡೀ ಹಾಲ್ ಉಲ್ಟಾ ಆಯಿತು. ಫ್ಯಾನು ನೆಲದಲ್ಲಿ ತಿರುಗುತ್ತಿತ್ತು.

ವರ್ಷ ತುಂಬಿದಾಗ ಕಲಿಸುವವಳು ಒಂದು ಭಾನುವಾರ ಬೆಳಿಗ್ಗೆ ಮನೆಯವರಿಗೆ, ಹತ್ತಿರದವರಿಗೆ ಅಷ್ಟೇ ಎಂದು ಸಣ್ಣ ಕಾರ್ಯಕ್ರಮವಿಟ್ಟಳು. ಒಬ್ಬೊಬ್ಬರಿಗೆ ಎರಡು ನಿಮಿಷ. ಧಾರವಾಡದಿಂದ ಮಗಳು ಬಂದಳು. ಮಾಸ್ತರು ಇಸ್ತ್ರಿ ಮಾಡಿದ ಶರ್ಟು ತೊಟ್ಟು ಖಾನಾಪುರದಿಂದ ಬಂದರು. ಹಾಡು ಸುರುವಾಯಿತು. ಸುತ್ತು ಸರಿ ಬಂತು, ಹತ್ತುವುದು ಸರಿ ಬಂತು. ತಲೆಕೆಳಗಾಗಿ ಎರಡನೇ ಕೈ ಬಿಡುವಾಗ ಬೆವರಿಗೆ ಮೊಣಕಾಲು ಜಾರಿತು. ಕೈ ಆನಿಸಿದ್ದರಿಂದ ಪೆಟ್ಟಾಗಲಿಲ್ಲ, ಆದರೆ ದಪ್ಪೆಂದು ಗಾದಿಯ ಮೇಲೆ ಕೂತುಬಿಟ್ಟೆ. ಹಾಡು ತನ್ನ ಪಾಡಿಗೆ ನಡೆದಿತ್ತು. ಕಣ್ಣಲ್ಲಿ ನೀರು ಬರುವುದರಲ್ಲಿತ್ತು.

"ಕೂತೇನ ಮಾಡ್ತಿ? ಇನ್ನೊಮ್ಮಿ ಹತ್ತ!" ಮೊದಲ ಸಾಲಿನಿಂದ ಅತ್ತೆಯ ದನಿ. "ಏ ತಂಗಿ, ಆ ಹಾಡ ಮತ್ತ ಮೊದಲಿಂದ ಹಚ್ಚ."

ಕಲಿಸುವವಳು ಓಡಿ ಹೋಗಿ ಹಾಡನ್ನು ಮೊದಲಿನಿಂದ ಹಚ್ಚಿದಳು. ನಾನು ಮೊಣಕಾಲು ಒರೆಸಿಕೊಂಡು, ಕೈಗೆ ಪುಡಿ ಬಳಿದುಕೊಂಡು ಹತ್ತಿದೆ. ಈ ಸಲ ಎರಡೂ ಕೈ ಬಿಟ್ಟೆ. ತಲೆಕೆಳಗಾದ ಗಂಡ ತಲೆಕೆಳಗಾದ ಕುರ್ಚಿಯಲ್ಲಿ ಕೂತು ಚಪ್ಪಾಳೆ ತಟ್ಟುತ್ತಿದ್ದರು. ಮಗಳು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕಿದಳು; ಅದನ್ನು ಎಲ್ಲಿ ಕಲಿತಳೋ, ನಾನಂತೂ ಕೇಳಲಿಲ್ಲ.

ಮಗಳು ಆ ವಿಡಿಯೋವನ್ನು ಕುಟುಂಬದ ಗ್ರೂಪಿಗೆ ಹಾಕಿದ್ದರಿಂದ ಸಂಜೆಯೇ ಅತ್ತೆಯ ತಂಗಿ ಫೋನು ಮಾಡಿದರು. ಶರಣರ ಮನೆತನ, ಸಾಲಿ ಕಲಿಸೂ ಹೆಣ್ಣುಮಗಳು, ಮಂದಿ ಏನಂದಾರು ಎಂದು ಬಹಳ ಹೊತ್ತು ನಡೆಯಿತು. ಅತ್ತೆ ಪೂರ್ತಿ ಕೇಳಿಸಿಕೊಂಡರು. "ಹೌದಬೇ, ನೀ ಅನ್ನೂದು ತಿಳೀತು" ಎಂದರು. "ನೀ ಒಮ್ಮಿ ಬಂದು ಒಂದ ಮೊಳ ಹತ್ತಿ ತೋರಸ. ಆಮ್ಯಾಲ ಮಾತಾಡೂಣು."

ಈಗ ಶನಿವಾರದ ಕ್ಲಾಸಿಗೆ ಅತ್ತೆಯೂ ಬರುತ್ತಾರೆ. ಅವರ ಕುರ್ಚಿ ಎಲ್ಲಿರಬೇಕೆಂದು ಎಲ್ಲರಿಗೂ ಗೊತ್ತು. ಹೋದ ವಾರ ಹೊಸದಾಗಿ ಸೇರಿದ ಒಬ್ಬ ಬ್ಯಾಂಕಿನ ಹುಡುಗಿ ಎರಡಡಿ ಹತ್ತಿ ಅಳುಮುಖ ಮಾಡಿದಾಗ, ಅತ್ತೆ ಎದ್ದು ಹೋಗಿ ಅವಳ ಪಾದವನ್ನು ಎರಡೂ ಕೈಯಿಂದ ಹಿಡಿದು ಕಂಬಕ್ಕೆ ಒತ್ತಿ ನಿಂತಿದ್ದರು. "ಕೆಳಗ ನೋಡಬ್ಯಾಡ ಯವ್ವಾ, ನಾ ಹಿಡದೀನಿ" ಎನ್ನುತ್ತಿದ್ದರು. ನಾನು ಪಕ್ಕದ ಕಂಬದ ಮೇಲಿಂದ, ಎರಡೂ ಕೈ ಬಿಟ್ಟು, ತಲೆಕೆಳಗಾಗಿ ಅವರನ್ನೇ ನೋಡುತ್ತಿದ್ದೆ.