ಗುರುಶಾಂತ ಓದಿಸಿದ ಹಳೆಯ ಟೇಪು

ಹುಮನಾಬಾದಿನ ಗುರುಶಾಂತ ಅಮೀರ್‌ಪೇಟಿನಲ್ಲಿ ಆರು ತಿಂಗಳ ಕಂಪ್ಯೂಟರ್ ಕೋರ್ಸು ಮುಗಿಸಿ, ಸಿಕಂದರಾಬಾದಿನ ಒಂದು ದೊಡ್ಡ ಆಸ್ಪತ್ರೆಗೆ ಸೇರಿ ಇಪ್ಪತ್ತಾರು ವರ್ಷವಾಗಿತ್ತು. ಆಸ್ಪತ್ರೆಯ ಕಂಪ್ಯೂಟರುಗಳಲ್ಲಿ ಇರುವುದನ್ನೆಲ್ಲ ದಿನಾ ಟೇಪಿಗೆ ನಕಲು ಮಾಡಿ, ಚೀಟಿ ಅಂಟಿಸಿ ಕಪಾಟಿನಲ್ಲಿಡುವುದು ಅವನ ಕೆಲಸ. ಅಂಗೈಯಗಲದ ಕಪ್ಪು ಡಬ್ಬಿ, ಅದರೊಳಗೆ ಅರ್ಧ ಮೈಲಿ ಉದ್ದದ ಪಟ್ಟಿ. ನೆಲಮಾಳಿಗೆಯ ಆ ತಣ್ಣನೆ ಕೋಣೆಗೆ ಯಾರೂ ಇಳಿದು ಬರುತ್ತಿರಲಿಲ್ಲ. ಅವನಿಗೂ ಅದರ ಬೇಸರವಿರಲಿಲ್ಲ.

ಕಳೆದ ವರ್ಷ ಒಂದು ಬೆಳಿಗ್ಗೆ ದಾಖಲೆ ಕೌಂಟರಿನ ಮುಂದೆ ಹಾಯುತ್ತಿದ್ದಾಗ ಕನ್ನಡದ ಮಾತು ಕಿವಿಗೆ ಬಿತ್ತು.

“ಹತ್ತು ವರ್ಷ ಆದಮ್ಯಾಲೆ ಅಳಸಿಬಿಡ್ತಾರಂತ. ಮಗಳ ಎದ್ಯಾಗ ಏನು ಮಾಡ್ಯಾರ ಅಂತ ಇನ್ನ ಯಾರನ್ನ ಕೇಳ್ಲಿ?”

ದೇವದುರ್ಗದ ಕಡೆಯ ಹುಸೇನಮ್ಮ, ಮಿಯಾಪುರದಲ್ಲಿ ಕಟ್ಟಡದ ಕೆಲಸದವಳು. ಮಗಳು ರೇಣುಕಾಗೆ ಮೂರನೇ ವಯಸ್ಸಿನಲ್ಲಿ ಇಲ್ಲೇ ಹೃದಯದ ಆಪರೇಷನ್ ಆಗಿತ್ತು. ಈಗ ಹದಿನೆಂಟು; ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಮತ್ತೆ ಆಪರೇಷನ್ ಆಗಬೇಕು, ಆದರೆ ಹಿಂದೆ ಏನು ಮಾಡಿದ್ದಾರೆಂದು ತಿಳಿಯದೆ ಕೈ ಹಾಕುವುದು ಅಪಾಯ ಎಂದಿದ್ದರು ಡಾಕ್ಟರ್ ಶೀತಲ. ತಾಯಿಯ ಬಳಿಯಿದ್ದ ಕಾಗದದ ಫೈಲು ಅವರಿದ್ದ ಶೆಡ್ಡಿಗೆ ನೀರು ನುಗ್ಗಿದಾಗಲೇ ಹೋಗಿತ್ತು.

“ಇಲ್ಲೇ ಕುಂದರ್ರಿ ಯವ್ವಾ,” ಎಂದವನೇ ಗುರುಶಾಂತ ಕಂಪ್ಯೂಟರ್ ವಿಭಾಗದ ಮುಖ್ಯಸ್ಥ ವಿಶ್ವಜಿತ್‌ನ ಬಳಿ ಹೋದ. ವಿಶ್ವಜಿತ್ ಕಲಬುರಗಿಯವನು, ವಯಸ್ಸಿನಲ್ಲಿ ಬಹಳ ಚಿಕ್ಕವನು.

“ಗುರುಶಾಂತಣ್ಣ, ಆ ದಾಖಲಿ ಇಡೋ ಅವಧಿ ಮುಗದದ. ಯಾದಿನ್ಯಾಗ ಹೆಸರೇ ಇಲ್ಲ.”

“ಯಾದಿನ್ಯಾಗಿಂದ ಹೆಸರು ಹೋಗ್ಯದ್ರಿ ಸಾಹೇಬ್ರ. ಟೇಪಿನ್ಯಾಗ ಬರದಿದ್ದು ಎಲ್ಲಿಗಿ ಹೋಗ್ತದ? ಮ್ಯಾಲೆ ಬ್ಯಾರೆ ಏನರ ಬರದಿದ್ರ ಅಷ್ಟ ಹೋಗ್ತದ.”

ವಿಶ್ವಜಿತ್ ಕೀಬೋರ್ಡು ಬದಿಗೆ ಸರಿಸಿದ. “ಡಾಕ್ಟರ್ ಕಡಿಂದ ಪತ್ರ ತರ್ರಿ. ನಾ ಸಹಿ ಮಾಡ್ತೀನಿ.”

ಹಳೆಯ ಟೇಪುಗಳು ಚೂರು ಮಾಡಿಸಲೆಂದು ಚೀಲಗಳಲ್ಲಿ ಕಾಯುತ್ತಿದ್ದವು. ಹೊಸ ಯಂತ್ರಗಳು ಅವನ್ನು ಓದುತ್ತಿರಲಿಲ್ಲ. ಗುರುಶಾಂತ ಸ್ಟೋರಿನಿಂದ ಹಳೆಯ ಯಂತ್ರವೊಂದನ್ನು ಹೊತ್ತು ತಂದು, ಧೂಳು ತೆಗೆದು, ಜೋಡಿಸಿದ. ರೇಣುಕಾಳ ಮೊದಲ ಆಪರೇಷನ್ ಆದ ತಿಂಗಳ ಮೂರು ಟೇಪು ಸಿಕ್ಕವು. ತಪ್ಪಿ ಕೂಡ ಮೇಲೆ ಏನೂ ಬರೆಯದಂತೆ ಮೂರರ ಲಾಕನ್ನೂ ಮೊದಲು ಸರಿಸಿದ.

ಮೊದಲನೆಯದರ ಮೇಲೆ ಎಂದೋ ಬೇರೆ ಬರೆದಾಗಿತ್ತು. ಎರಡನೆಯದನ್ನು ಯಂತ್ರ ನುಂಗಿ, ಹಾಗೆಯೇ ಹೊರಗೆ ಉಗುಳಿತು. ಮೂರನೆಯದು ಸುತ್ತತೊಡಗಿತು. ಮೊದಲಿಂದ ಕೊನೆಯವರೆಗೆ ಓದಿಸಿ, ಟೇಪಿನಲ್ಲಿ ಯಾರ್ಯಾರ ದಾಖಲೆ ಇದೆ ಎಂಬ ಅಳಿದ ಯಾದಿಯನ್ನು ಹೊಸದಾಗಿ ಕಟ್ಟಬೇಕು. ಎರಡು ತಾಸಾದ ಮೇಲೆ ಟಕ್ಕೆಂದು ನಿಂತುಬಿಟ್ಟಿತು. ಗುರುಶಾಂತ ಯಂತ್ರದ ಓದುವ ತಲೆಯನ್ನು ಶುಚಿ ಮಾಡಿ, ಪಟ್ಟಿಯನ್ನು ಒಮ್ಮೆ ಪೂರ್ತಿ ಸುತ್ತಿಸಿ, ಮತ್ತೆ ಮೊದಲಿನಿಂದ ಹಚ್ಚಿದ. ಊಟದ ಡಬ್ಬಿ ಬಿಚ್ಚಲಿಲ್ಲ.

ಸಂಜೆ ಐದರ ಹೊತ್ತಿಗೆ ಯಾದಿ ತುಂಬಿತು. ಅದರಲ್ಲಿ ರೇಣುಕಾ ಎಂಬ ಹೆಸರೇ ಇರಲಿಲ್ಲ! ತಾಯಿಯ ಹೆಸರು ಹಾಕಿ ಹುಡುಕಿದಾಗ ‘ರೇಣಮ್ಮ, ಮೂರು ವರ್ಷ’ ಎಂದು ಸಿಕ್ಕಿತು. ಆಪರೇಷನ್ ಟಿಪ್ಪಣಿ ಎರಡು ಪುಟ, ಹೃದಯದ ಚಿತ್ರಗಳು ಹನ್ನೊಂದು.

ಡಾಕ್ಟರ್ ಶೀತಲ ಮಾನಿಟರಿನ ಮುಂದೆ ಬಗ್ಗಿ ಎರಡು ಸಲ ಓದಿದರು. “ತೇಪೆ ಎಲ್ಲಿ ಹಾಕ್ಯಾರ ಅಂತ ಈಗ ಗೊತ್ತಾತು,” ಎಂದು ನಕ್ಕರು.

ಹತ್ತು ದಿನದ ಮೇಲೆ ಆಪರೇಷನ್ ಆಯಿತು, ಸಲೀಸಾಗಿ. ಮನೆಗೆ ಹೊರಡುವ ದಿನ ಹುಸೇನಮ್ಮ ದಾರಿ ಕೇಳಿಕೊಂಡು ನೆಲಮಾಳಿಗೆಗೆ ಇಳಿದು ಬಂದಳು. ಗುರುಶಾಂತ ಟೇಪು ತೋರಿಸಿದ.

“ಇದರಾಗ ಐತೇನ್ರಿ ನನ್ನ ಮಗಳ ಎದಿ?”

“ಆಕಿದೂ ಅದ, ಇನ್ನ ಭಾಳ ಮಂದೀದೂ ಅದ.”

ಅವಳು ಅದನ್ನು ಕಣ್ಣಿಗೊತ್ತಿಕೊಂಡು ಮರಳಿ ಕೊಟ್ಟಳು.

ಚೂರು ಮಾಡುವ ಕೆಲಸ ನಿಂತಿತು. ಹೃದಯದ ಆಪರೇಷನ್ ಆದ ಮಕ್ಕಳ ದಾಖಲೆಗಳನ್ನೆಲ್ಲ ಹಳೆಯ ಟೇಪಿನಿಂದ ಎತ್ತಿಡಿರಿ ಎಂದು ಆಸ್ಪತ್ರೆ ಹೇಳಿತು. ಈಗ ಗುರುಶಾಂತ ದಿನಕ್ಕೆ ಒಂದು, ಬಹಳವೆಂದರೆ ಎರಡು ಟೇಪು ಓದಿಸುತ್ತಾನೆ. ಸಂಜೆ ಮನೆಗೆ ಹೋದರೆ ಹೆಂಡತಿ ಸುಂದರಾಬಾಯಿ ಚಹಾ ಕೊಡುತ್ತ ಕೇಳುತ್ತಾಳೆ:

“ಇವತ್ತ ಎಷ್ಟು ಮಕ್ಕಳು ಸಿಕ್ಕರು?”

“ಏಳು ಮಂದಿ,” ಎನ್ನುತ್ತಾನೆ ಅವನು, ಕಪ್ಪಿನಿಂದ ಬಸಿಗೆ ಚಹಾ ಸುರುವಿಕೊಳ್ಳುತ್ತ.