ಪಾಪಕ್ಕ ಕರೆಯದ ಒಲೆ

ಆಂಡರ್ಸನ್‌ಪೇಟೆಯಲ್ಲಿ ಯಾರ ಮನೆಯ ಮದುವೆ ಗೊತ್ತಾದರೂ ಕುಂಕುಮದ ಭರಣಿ ಹಿಡಿದು ಊರೆಲ್ಲ ಕರೆದು ಬರುತ್ತಿದ್ದವಳು ಪಾಪಕ್ಕ. ಹೊಸ್ತಿಲು ದಾಟುವ ಮೊದಲೇ, "ಒಳಗೆ ಎಷ್ಟು ಒಲೆ ಅವೆಯಮ್ಮಾ?" ಎಂದು ಕೇಳುತ್ತಿದ್ದಳು. ಆ ಅಭ್ಯಾಸ ಹತ್ತಿದ್ದು ನನ್ನ ಮದುವೆಯಿಂದ.

ಅದಕ್ಕೆ ಮುಂಚೆ ಅವಳ ಕಾಯಿದೆಯೇ ಬೇರೆ. ಕರೆಯಬೇಕಾದ ಮನೆಗಳನ್ನು ಹೇಳುವಾಗ ಅತ್ತೆ ಹೇಳಿದ ಮನೆಯನ್ನೇ ಚಿಕ್ಕಮ್ಮ ಹೇಳುತ್ತಾಳೆ, ಅದನ್ನೇ ಅಜ್ಜಿ ಮತ್ತೆ ಹೇಳುತ್ತಾಳೆ. ಪಾಪಕ್ಕ ಎಲ್ಲವನ್ನೂ ತಲೆಯಲ್ಲೇ ಜರಡಿ ಹಿಡಿದು, ಬಂದ ಮನೆಯೇ ಮತ್ತೆ ಬಂದರೆ ಬಿಟ್ಟುಬಿಡುತ್ತಿದ್ದಳು. "ಒಂದು ಬಾಗ್ಲಿಗೆ ಒಂದೇ ಕುಂಕ್ಮ. ಎಲ್ಡು ಸಲ ಕರದ್ರೆ ನಗಾಡ್ತಾರೆ ಕಣಮ್ಮಿ."

ಎಂಬತ್ತೆರಡನೇ ಇಸವಿಯಲ್ಲಿ ನನ್ನ ಮದುವೆ. ಕೈಹಿಡಿದು ಹಸೆಮಣೆಗೆ ಕರೆತರಬೇಕಾದವನು ಸೋದರಮಾವ. ನನಗೆ ಇಬ್ಬರು, ಊರಿಗಾಂನ ಒಂದೇ ಮನೆಯಲ್ಲಿ. ಹಿರಿಯವನು ಶ್ರೀರಾಮಪ್ಪ ಮಾವ ಹೊಸ ಪಂಚೆ ಉಟ್ಟು ಕಾಫಿ ಕುಡಿಯುತ್ತಿದ್ದ. ದಿನಾ ಸೈಕಲ್ ಮೇಲೆ ಕೂರಿಸಿಕೊಂಡು ನನ್ನನ್ನು ಸ್ಕೂಲಿಗೆ ಬಿಡುತ್ತಿದ್ದ ಸೀನಪ್ಪ ಮಾವನ ಸುಳಿವೇ ಇಲ್ಲ!

"ನಾವು ಬೇರೆ ಆಗಿದೀವಲ್ಲ. ಅವ್ನನ್ನ ಯಾರೂ ಕರೀಲಿಲ್ಲ," ಎಂದ ಶ್ರೀರಾಮಪ್ಪ ಮಾವ, ಮಹಾನುಭಾವ. ಅಣ್ಣತಮ್ಮಂದಿರು ಜಗಳವಾಡಿ ಒಲೆ ಎರಡು ಮಾಡಿಕೊಂಡಿದ್ದರು, ಬಾಗಿಲು ಒಂದೇ ಉಳಿದಿತ್ತು. ಪಾಪಕ್ಕ ದೊಡ್ಡವನ ಹೆಂಡತಿಗೆ ಕುಂಕುಮ ಕೊಟ್ಟು, ಚಿಕ್ಕವನನ್ನು ಜರಡಿಯಲ್ಲಿ ಬಿಟ್ಟಿದ್ದಳು.

"ಸೀನಪ್ಪ ಮಾವ ಬರೋವರ್ಗೂ ನಾನು ಏಳಲ್ಲ," ಎಂದು ಕೋಣೆಯಲ್ಲೇ ಕೂತೆ. ಅಮ್ಮ ಬೈದಳು. ಪುರೋಹಿತರು ಮುಹೂರ್ತ ಮೀರುತ್ತದೆಂದು ಕೂಗಿದರು. ಕೂಗಲಿ! ಮದುವೆ ನನ್ನದು, ಮಾವನೂ ನನ್ನವನು.

"ಅಯ್ಯೋ, ನನ್ ಬುದ್ದಿಗಿಷ್ಟು ಬೆಂಕಿ ಆಕ!" ಎಂದು ಪಾಪಕ್ಕ ಹಣೆ ಚಚ್ಚಿಕೊಂಡು, ಭರಣಿ ತೆಗೆದುಕೊಂಡು ಊರಿಗಾಂಗೆ ಆಟೋ ಹತ್ತಿದಳು.

ಅಲ್ಲಿ ನಡೆದದ್ದನ್ನು ಸೀನಪ್ಪ ಮಾವನ ಹೆಂಡತಿ ಮಂಗಮ್ಮತ್ತೆ ಆಮೇಲೆ ಹೇಳಿದಳು. ಮಾವ ರೋಷಕ್ಕೆ ತಾನೇ ಒಲೆ ಹೊತ್ತಿಸಿ ಮುದ್ದೆಗೆ ಎಸರಿಟ್ಟು ಕೂತಿದ್ದನಂತೆ. ಪಾಪಕ್ಕ ಸೀದಾ ಅಡುಗೆಮನೆಗೆ ನುಗ್ಗಿ, ಅತ್ತೆಗೆ ಕುಂಕುಮ ಇಟ್ಟು, ಒಲೆಗೂ ಒಂದು ಬೊಟ್ಟಿಟ್ಟಳಂತೆ.

"ಬಾಗ್ಲು ನೋಡ್ದೆ, ಒಲೆ ನೋಡ್ಲಿಲ್ಲ ಸೀನಪ್ಪಾ. ತಪ್ಪು ನಂದು. ಮದ್ವೆ ದಿನ ನೆಂಟ್ರ ಮನೆ ಒಲೆ ಉರೀಕೂಡ್ದು, ಊಟ ಎಲ್ಲಾ ಅಲ್ಲೇ. ಮಗು ಅಲ್ಲಿ ಎದ್ದೇಳ್ದೆ ಕೂತೈತೆ, ಏಳಪ್ಪಾ!"

ಮಾವ ಮಸಿಗೈಯಲ್ಲೇ ಓಡಿಬಂದ. ಅಷ್ಟರಲ್ಲಿ ಶ್ರೀರಾಮಪ್ಪ ಮಾವ ಕೋಣೆಗೇ ಬಂದು, ಏಳದೆ ಕೂತಿದ್ದ ನನ್ನ ಬಲಗೈ ಹಿಡಿದಾಗಿತ್ತು. ತಮ್ಮನನ್ನು ಕಂಡು ಗುರುಗುಟ್ಟಿದ: "ಸೋದರ್‌ಮಾವ ಅಂತ ಒಬ್ನು ಇದ್ರೆ ಸಾಕು. ಇಬ್ರು ಯಾಕ್ಲಾ?"

"ನಂಗೆ ಇನ್ನೊಂದು ಕೈ ಇಲ್ವಾ ಮಾವ?" ಎಂದು ನಾನು ಎಡಗೈ ಚಾಚಿದೆ.

ಸೀನಪ್ಪ ಮಾವ ಗಟ್ಟಿಯಾಗಿ ಹಿಡಿದುಕೊಂಡ. ಹೊಸ ಬಳೆಗೆಲ್ಲ ಮಸಿ ಹತ್ತಿತು. ಹತ್ತಲಿ ಬಿಡಿ.